ಹೆಸರಿಲ್ಲದ ಕರೆ

ಸಂಸ್ಕೃತ ನಾಟಕಗಳಲ್ಲಿ ಪತ್ನಿಯು ಪತಿಯನ್ನು ‘ಆರ್ಯಪುತ್ರ’ ಎಂದು ಸಂಬೋಧಿಸುವಳು. ಪೂಜ್ಯರಾದ ಮಾವನವರ ಮಗನೆಂದು ಅದರ ತಾತ್ಪರ್ಯ. ಭವಭೂತಿಯ ಉತ್ತರರಾಮಚರಿತದಲ್ಲಿ ಸೀತೆಯ ಮಾತು ಪ್ರಾಕೃತವಾದುದರಿಂದ ಅದು ‘ಅಜ್ಜಉತ್ತ’ ಎಂದಾಗಿದೆ. ನಮ್ಮ ಕಿವಿಗೆ ಈ ರೂಪವೇ ಹೆಚ್ಚು ಹಿತ.

ಗಂಡನ ಹೆಸರೆತ್ತಬಾರದೆಂಬ ರೂಢಿ ಕನ್ನಡನಾಡಿನಲ್ಲಿಯೂ ಇತ್ತಷ್ಟೆ. ಉತ್ತರ ಕರ್ನಾಟಕದ ಮದುವೆಗಳಲ್ಲಿ ನವವಧುವಿನಿಂದ ಒಡಪು ಹೇಳಿಸಿ, ಪ್ರಾಸದ ಮರೆಯಲ್ಲಿ ಆ ಹೆಸರನ್ನು ನುಡಿಸುವರು. ಉಳಿದ ದಿನಗಳಿಗೆಲ್ಲ ‘ರೀ’ ಎಂಬ ಒಂದೇ ಅಕ್ಷರ! ಅಂಗಡಿಯವನಿಗೂ ಸಲ್ಲುವ ಈ ಅಕ್ಷರವನ್ನು ಗೃಹಿಣಿಯು ತುಸು ಎಳೆದರೆ ಸಲಿಗೆ, ಮೊಟಕಿದರೆ ಮುನಿಸು. ಇಂದಿನ ದಂಪತಿಗಳು ಹೆಸರು ಹಿಡಿದು ಕರೆದುಕೊಳ್ಳುವುದನ್ನು ನಾವು ಆಕ್ಷೇಪಿಸುವವರಲ್ಲ.

ನಮ್ಮ ಮನೆಯಲ್ಲಿ 36 ವರ್ಷ ‘ರೀ’ ಎಂಬುದೇ ನಮ್ಮ ಹೆಸರಾಗಿತ್ತು. ಆಕೆ ತೀರಿಕೊಂಡ ಮೇಲೂ, ಬೀದಿಯಲ್ಲಿ ಯಾರಾದರೂ ಹಾಗೆ ಕರೆದರೆ ನಾವು ತಿರುಗಿ ನೋಡುವುದುಂಟು.