ಸೆಕೆಂಡಿಗೆ ಹತ್ತೊಂಬತ್ತು ಕಿಲೋ ಈರುಳ್ಳಿ

ನಾಸಿಕ್ ಜಿಲ್ಲೆಯ ಲಾಸಲಗಾಂವ್ ಮಾರುಕಟ್ಟೆಗೆ ಒಂದೇ ದಿನ 15,000 ಕ್ವಿಂಟಲ್ ಈರುಳ್ಳಿ ಬಂದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಸುಗ್ಗಿಯಲ್ಲಿ ಅದು ಮಾಮೂಲು. 15,000 ಕ್ವಿಂಟಲ್ ಎಂದರೆ 15 ಲಕ್ಷ ಕಿಲೋ. ಟ್ರ್ಯಾಕ್ಟರ್ ಟ್ರಾಲಿಯೊಂದಕ್ಕೆ 20 ಕ್ವಿಂಟಲ್ ಹಿಡಿಯಿರಿ, 750 ಟ್ರ್ಯಾಕ್ಟರ್ ಆಯಿತು. ಒಂದೊಂದಕ್ಕೆ 8 ಮೀಟರ್ ಜಾಗ ಕೊಟ್ಟು ಒಂದರ ಹಿಂದೆ ಒಂದು ನಿಲ್ಲಿಸಿ, ಸಾಲು 6 ಕಿಲೋಮೀಟರ್ ಉದ್ದ! ಕಿಲೋಗೆ 10 ರೂಪಾಯಿ ಸಿಕ್ಕಿತು ಎನ್ನೋಣ. ಅದಕ್ಕಿಂತ ಕೆಳಗಿಳಿದದ್ದೂ ಉಂಟು, ಬಹಳ ಮೇಲೆ ಹಾರಿದ್ದೂ ಉಂಟು, ಲೆಕ್ಕಕ್ಕೆ ಹತ್ತು ಸಲೀಸು. ಆ ದರದಲ್ಲಿ ಒಂದು ಟ್ರ್ಯಾಕ್ಟರ್ 20,000 ರೂ., ಇಡೀ ದಿನದ ಲಾಸಲಗಾಂವ್ ಒಂದೂವರೆ ಕೋಟಿ.

ಈ ಎರಡು ಅಂಕಿ ನೆನಪಿರಲಿ. ಆಟಗಾರರ ಬೆಲೆ ತೂಗಲು ಇವತ್ತು ಇದೇ ನಮ್ಮ ತೂಕದ ಕಲ್ಲು.

1947ರಿಂದ ನಡೆಯುತ್ತಿರುವ, ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಈ ಈರುಳ್ಳಿ ಪೇಟೆಯಲ್ಲಿ ಹರಾಜು ನಡೆಯುವುದು ಬಯಲಲ್ಲಿ, ಟ್ರಾಲಿಯ ಪಕ್ಕದಲ್ಲೇ. ವ್ಯಾಪಾರಿಗಳ ಗುಂಪು ಒಂದು ಟ್ರಾಲಿಯಿಂದ ಇನ್ನೊಂದಕ್ಕೆ ಸರಿಯುತ್ತಾ ಹೋಗುತ್ತದೆ. ಒಬ್ಬ ರಾಶಿಯೊಳಗೆ ಕೈಹಾಕಿ ಗಡ್ಡೆಯೊಂದನ್ನು ಎತ್ತುತ್ತಾನೆ, ಹೆಬ್ಬೆರಳಿನಿಂದ ಒತ್ತುತ್ತಾನೆ, ಸಿಪ್ಪೆಯ ಬಣ್ಣ ನೋಡುತ್ತಾನೆ. ಕೂಗು ಏರುತ್ತದೆ, ನಿಲ್ಲುತ್ತದೆ, ಚೀಟಿ ಬರೆದಾಯಿತು. ನಾಲ್ಕು ತಿಂಗಳ ಬೆಳೆಗೆ ಒಂದು ನಿಮಿಷ ಸಿಕ್ಕರೆ ಹೆಚ್ಚು.

ಈಗ ಮನುಷ್ಯರ ಹರಾಜಿಗೆ ಬನ್ನಿ. ಮೊದಲು ಕಬಡ್ಡಿ. 2014ರಲ್ಲಿ ಪ್ರೊ ಕಬಡ್ಡಿಯ ಮೊದಲ ಹರಾಜಿನ ಅತಿ ದೊಡ್ಡ ಬೆಲೆ ರಾಕೇಶ್ ಕುಮಾರ್ ಅವರದು: ಪಟ್ನಾ ಪೈರೇಟ್ಸ್ ಕೊಟ್ಟ 12.80 ಲಕ್ಷ. ಅಂದರೆ 64 ಟ್ರ್ಯಾಕ್ಟರ್. ನಾಲ್ಕೇ ವರ್ಷ ಕಳೆಯಿತು, 2018ರಲ್ಲಿ ಆರು ಮಂದಿ ಕೋಟಿ ಮುಟ್ಟಿದರು! ಹೆಸರಲ್ಲೇ ನಮ್ಮ ಕರಾವಳಿಯನ್ನು ಹೊತ್ತ ಮುಂಬೈಯ ರಿಶಾಂಕ್ ದೇವಾಡಿಗ ಅವರಲ್ಲೊಬ್ಬರು, 1.11 ಕೋಟಿ, 555 ಟ್ರ್ಯಾಕ್ಟರ್. 2023ರಲ್ಲಿ ಪವನ್ ಸೆಹ್ರಾವತ್‌ಗೆ ತೆಲುಗು ಟೈಟಾನ್ಸ್ 2.605 ಕೋಟಿ ಸುರಿಯಿತು. 1,300 ಟ್ರ್ಯಾಕ್ಟರ್ ದಾಟಿತು. ಒಬ್ಬ ರೇಡರ್‌ನ ಒಂದು ಸೀಸನ್ನಿಗೆ ಲಾಸಲಗಾಂವಿನ ಹತ್ತಿರ ಹತ್ತಿರ ಎರಡು ದಿನದ ವಹಿವಾಟು.

ಏರಿದ್ದು ಇಳಿಯುವ ವೇಗವೂ ಅಷ್ಟೇ ಭಯಂಕರ. ಪ್ರದೀಪ್ ನರ್ವಾಲ್, ‘ಡುಬ್ಕಿ ಕಿಂಗ್’. ಪ್ರೊ ಕಬಡ್ಡಿಯಲ್ಲಿ 1,801 ರೇಡ್ ಪಾಯಿಂಟ್! 2021ರಲ್ಲಿ ಯು.ಪಿ. ಯೋಧಾ ಕೊಟ್ಟದ್ದು 1.65 ಕೋಟಿ: 825 ಟ್ರ್ಯಾಕ್ಟರ್. 2024ರಲ್ಲಿ ಬೆಂಗಳೂರು ಬುಲ್ಸ್ ಕೊಟ್ಟದ್ದು 70 ಲಕ್ಷ: 350. 2025ರ ಹರಾಜಿನಲ್ಲಿ ಅವರ ಹೆಸರು ಕೂಗಿದಾಗ ಒಂದು ಕೈಯೂ ಮೇಲೇಳಲಿಲ್ಲ: ಸೊನ್ನೆ. ಆಮೇಲೆ ಅವರು ನಿವೃತ್ತಿಯನ್ನೇ ಘೋಷಿಸಿದರು. 1,801 ಅಂಕ ತಂದುಕೊಟ್ಟ ಕಾಲಿಗೆ ಒಂದು ಗಡ್ಡೆ ಈರುಳ್ಳಿಯ ಬೆಲೆಯೂ ಬರಲಿಲ್ಲ ಎಂಬುದನ್ನು ನಾನು ಇನ್ನೂ ನಂಬಲಾರದೆ ಇದ್ದೇನೆ.

ಕ್ರಿಕೆಟ್ಟಿಗೆ ಬಂದರೆ ಟ್ರ್ಯಾಕ್ಟರುಗಳ ಸಾಲು ಜಿಲ್ಲೆ ದಾಟುತ್ತದೆ. 2021ರ ಐಪಿಎಲ್ ಹರಾಜಿನಲ್ಲಿ ನಮ್ಮ ಕೃಷ್ಣಪ್ಪ ಗೌತಮ್ ಮೂಲಬೆಲೆ 20 ಲಕ್ಷ; ಚೆನ್ನೈ ಕೊಂಡದ್ದು 9.25 ಕೋಟಿಗೆ. ನೂರು ಟ್ರ್ಯಾಕ್ಟರ್ ಇದ್ದದ್ದು ಕಣ್ಣು ಮಿಟುಕಿಸುವುದರೊಳಗೆ 4,625! ಆ ವರ್ಷ ಅವರಿಗೆ ಆಡಲು ಸಿಕ್ಕ ಪಂದ್ಯ ಒಂದೂ ಇಲ್ಲ. ಮರುವರ್ಷ ಲಕ್ನೋ ಕೊಟ್ಟದ್ದು 90 ಲಕ್ಷ, ಹತ್ತರಲ್ಲಿ ಒಂದು ಪಾಲೂ ಅಲ್ಲ. ಮಯಂಕ್ ಅಗರ್ವಾಲ್ ಕಥೆ ಇನ್ನೂ ವಿಚಿತ್ರ. 2023ರ ಸೀಸನ್ನಿಗೆ ಹೈದರಾಬಾದ್ ಕೊಟ್ಟದ್ದು 8.25 ಕೋಟಿ, 4,125 ಟ್ರ್ಯಾಕ್ಟರ್. 2024ರ ನವೆಂಬರಿನ ಹರಾಜಿನಲ್ಲಿ ಕೇಳುವವರೇ ಇಲ್ಲ. ದೇವದತ್ತ ಪಡಿಕ್ಕಲ್ ಗಾಯಗೊಂಡರು, ಆರ್‌ಸಿಬಿ ಅವರ ಜಾಗಕ್ಕೆ 1 ಕೋಟಿ ಕೊಟ್ಟು ಮಯಂಕ್‌ರನ್ನು ಕರೆಸಿಕೊಂಡಿತು. 500 ಟ್ರ್ಯಾಕ್ಟರಿಗೆ ಬಂದವರು 2025ರ ಜೂನ್ 3ರಂದು ಆರ್‌ಸಿಬಿಯ 18 ವರ್ಷದ ಕಾಯುವಿಕೆ ಮುಗಿದಾಗ ಕಪ್ ಹಿಡಿದವರ ನಡುವೆ ಇದ್ದರು!

ಅದೇ 2024ರ ಹರಾಜು, ಸೌದಿ ಅರೇಬಿಯಾದ ಜಿದ್ದಾ. ಶ್ರೇಯಸ್ ಅಯ್ಯರ್‌ಗೆ ಪಂಜಾಬ್ 26.75 ಕೋಟಿ ಕೊಟ್ಟಿತು, ಐಪಿಎಲ್ ಚರಿತ್ರೆಯಲ್ಲೇ ದೊಡ್ಡ ಬೆಲೆ. ಆ ದಾಖಲೆಯ ಆಯುಸ್ಸು ಕೆಲವೇ ನಿಮಿಷ. ರಿಷಭ್ ಪಂತ್ ಹೆಸರು ಬಂತು. ಕೂಗು 20.75 ಕೋಟಿಗೆ ನಿಂತಿತ್ತು, ಹಳೆಯ ತಂಡ ಡೆಲ್ಲಿ ಅದೇ ಬೆಲೆಗೆ ಅವರನ್ನು ಉಳಿಸಿಕೊಳ್ಳುವ ತನ್ನ ಹಕ್ಕು ಚಲಾಯಿಸಲು ಹೊರಟಿತು, ಲಕ್ನೋ ಒಂದೇ ಏಟಿಗೆ 27 ಕೋಟಿ ಎಂದಿತು. ಒಂದೇ ಏಟಿಗೆ 6.25 ಕೋಟಿ, ಲಾಸಲಗಾಂವಿನ ನಾಲ್ಕು ದಿನ ಒಂದೇ ಉಸಿರಿನಲ್ಲಿ ಹೋಯಿತು! 27 ಕೋಟಿಗೆ 13,500 ಟ್ರ್ಯಾಕ್ಟರ್. ನಿಲ್ಲಿಸಿದರೆ 108 ಕಿಲೋಮೀಟರ್. ಲಾಸಲಗಾಂವಿನಿಂದ ನಾಸಿಕ್ ಸುಮಾರು 60 ಕಿಲೋಮೀಟರ್. ಸಾಲು ನಾಸಿಕ್ ಮುಟ್ಟಿ, ತಿರುಗಿ, ಮತ್ತೆ ಊರ ಹತ್ತಿರ ಬರುತ್ತದೆ. ನಾಸಿಕ್‌ನ ಹುಡುಗನೇ ಒಬ್ಬ ಆ ಪಟ್ಟಿಯಲ್ಲಿದ್ದ: ರಾಮಕೃಷ್ಣ ಘೋಷ್, ಚೆನ್ನೈಗೆ 30 ಲಕ್ಷ. 150 ಟ್ರ್ಯಾಕ್ಟರ್. ಪಂತ್ ಒಬ್ಬರ ದುಡ್ಡಿನಲ್ಲಿ ಅಂಥ 90 ಹುಡುಗರನ್ನು ಕೊಳ್ಳಬಹುದಿತ್ತು. ಎರಡು ದಿನದಲ್ಲಿ ಜಿದ್ದಾದಲ್ಲಿ ಮಾರಾಟವಾದವರು 182 ಮಂದಿ, ಒಟ್ಟು 639.15 ಕೋಟಿ. ಲಾಸಲಗಾಂವ್ ಅಷ್ಟು ದುಡ್ಡು ಎಣಿಸಲು 426 ದಿನ ಬೇಕು.

ಇಲ್ಲಿಗೆ ದೊಡ್ಡದು ಮುಗಿಯಿತು ಎಂದುಕೊಂಡರೆ, ಇದು ಬರೀ ಪೀಠಿಕೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಕೂಟ ಎನ್‌ಬಿಎಯಲ್ಲಿ ಹರಾಜಿಲ್ಲ, ಫ್ರೀ ಏಜೆನ್ಸಿ ಇದೆ. ಒಪ್ಪಂದ ಮುಗಿದ ಆಟಗಾರ ಸ್ವತಂತ್ರ. ಯಾವ ತಂಡಕ್ಕೆ ಬೇಕಾದರೂ ಹೂಂ ಅನ್ನಬಹುದು, ಊಹೂಂ ಅನ್ನಬಹುದು. 1970ರಲ್ಲಿ ಆಸ್ಕರ್ ರಾಬರ್ಟ್‌ಸನ್ ಕೋರ್ಟಿಗೆ ಹೋಗಿ, 1976ರಲ್ಲಿ ರಾಜಿಯಾಗಿ ತೆರೆದುಕೊಂಡ ಬಾಗಿಲು ಅದು. ಅಲ್ಲಿನ ಜೂನ್ 30ರ ಸಂಜೆ 6ಕ್ಕೆ, ಅಂದರೆ ನಮ್ಮ ಜುಲೈ 1ರ ನಸುಕಿನ 3:30ಕ್ಕೆ ಮಾತುಕತೆಯ ಗೇಟು ತೆರೆಯುತ್ತದೆ. 1984–85ರಲ್ಲಿ ಒಂದು ಇಡೀ ತಂಡದ ಸಂಬಳದ ಮಿತಿ 36 ಲಕ್ಷ ಡಾಲರ್. 2025–26ರಲ್ಲಿ ಅದು 15.46 ಕೋಟಿ ಡಾಲರ್: 43 ಪಟ್ಟು!

ಡಾಲರಿಗೆ 85 ರೂ. ಲೆಕ್ಕ ಹಾಕೋಣ. 2024ರಲ್ಲಿ ಪಾಲ್ ಜಾರ್ಜ್ ಲಾಸ್ ಏಂಜಲೀಸ್ ಬಿಟ್ಟು ಫಿಲಡೆಲ್ಫಿಯಾಕ್ಕೆ ಹೋದರು. ನಾಲ್ಕು ವರ್ಷ, 21.2 ಕೋಟಿ ಡಾಲರ್, ಸುಮಾರು 1,800 ಕೋಟಿ ರೂ. ಜಿದ್ದಾದಲ್ಲಿ ಮಾರಾಟವಾದ 182 ಮಂದಿಯನ್ನೂ ಅವರೊಬ್ಬರೇ ಹೆಚ್ಚುಕಡಿಮೆ ಮೂರು ಸಲ ಕೊಳ್ಳಬಲ್ಲರು. ಮೊದಲ ವರ್ಷ 82 ಪಂದ್ಯಗಳಲ್ಲಿ ಅವರು ಅಂಗಳಕ್ಕಿಳಿದದ್ದು 41ಕ್ಕೆ, ತಂಡ ಗೆದ್ದದ್ದು 24. ಆಡಿದ ಪಂದ್ಯವೊಂದಕ್ಕೆ 10 ಕೋಟಿ ರೂ. ದಾಟಿತು, 5,100 ಟ್ರ್ಯಾಕ್ಟರ್. ಆಟಗಾರ ಗೆದ್ದ, ತಂಡ ಸೋತಿತು.

ತಿರುಗಿದ ಚಕ್ರವೂ ಉಂಟು. ಡೆನಿಸ್ ಶ್ರೋಡರ್ ಎಂಬ ಆಟಗಾರನಿಗೆ ಲೇಕರ್ಸ್ ತಂಡ ನಾಲ್ಕು ವರ್ಷಕ್ಕೆ 8.4 ಕೋಟಿ ಡಾಲರ್ ಮುಂದಿಟ್ಟಿತ್ತು ಎಂದು ಎಲ್ಲ ಕಡೆ ವರದಿಯಾಗಿತ್ತು. ಅವರು ಬೇಡ ಎಂದರು. 2021ರಲ್ಲಿ ಮಾರುಕಟ್ಟೆಗಿಳಿದಾಗ ಕೊನೆಗೆ ಸಿಕ್ಕಿದ್ದು ಬೋಸ್ಟನ್‌ನಿಂದ ಒಂದು ವರ್ಷಕ್ಕೆ 59 ಲಕ್ಷ ಡಾಲರ್. ಕೈತಪ್ಪಿದ್ದು 660 ಕೋಟಿ ರೂಪಾಯಿಗೂ ಮೇಲೆ, 442 ದಿನದ ಲಾಸಲಗಾಂವ್.

ಆದರೆ ಅಸಲಿ ಗೆಲುವಿನ ಕುದುರೆಗಳು ಮಾರುಕಟ್ಟೆಗೆ ಬರುವುದೇ ಅಪರೂಪ. ಮಾರುಕಟ್ಟೆಗೆ ಹೋದಾರು ಎಂಬ ಹೆದರಿಕೆಗೇ ತಂಡ ದುಡ್ಡು ಸುರಿಯುತ್ತದೆ. 2025ರಲ್ಲಿ ಓಕ್ಲಹೋಮ ಸಿಟಿಯನ್ನು ಚಾಂಪಿಯನ್ ಮಾಡಿದ ಶೇ ಗಿಲ್ಜಸ್-ಅಲೆಕ್ಸಾಂಡರ್‌ಗೆ ಅದೇ ತಂಡ ನಾಲ್ಕು ವರ್ಷಕ್ಕೆ ಬರೆದುಕೊಟ್ಟದ್ದು 28.5 ಕೋಟಿ ಡಾಲರ್: 2,422 ಕೋಟಿ ರೂಪಾಯಿ! 12 ಲಕ್ಷ ಟ್ರ್ಯಾಕ್ಟರ್. ಸಾಲು ನಿಲ್ಲಿಸಿದರೆ 9,690 ಕಿಲೋಮೀಟರ್. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ನಮ್ಮ ದೇಶವೇ 3,214 ಕಿಲೋಮೀಟರ್, ಹಾಗಾಗಿ ಮೂರು ಭಾರತ ಬೇಕು. 24 ಲಕ್ಷ ಟನ್ ಈರುಳ್ಳಿ, 2023–24ರಲ್ಲಿ ಇಡೀ ಭಾರತ ಬೆಳೆದದ್ದರ ಹತ್ತನೆಯ ಒಂದು ಪಾಲು, ಒಬ್ಬ ಮನುಷ್ಯನಿಗೆ! ದಿನಕ್ಕೆ ಹಂಚಿ: 1.66 ಕೋಟಿ. 750 ಟ್ರ್ಯಾಕ್ಟರುಗಳ ಲಾಸಲಗಾಂವ್ ಇಡೀ ದಿನ ಕೂಗಿ, ತೂಗಿ, ಎಣಿಸುವುದು ಒಂದೂವರೆ ಕೋಟಿ. ಒಬ್ಬ ಆಟಗಾರ ಏಷ್ಯಾದ ದೊಡ್ಡ ಈರುಳ್ಳಿ ಪೇಟೆಗಿಂತ ದೊಡ್ಡವನಾದ, ಭಾನುವಾರವೂ, ಮಲಗಿದ್ದಾಗಲೂ.

ಸೆಕೆಂಡಿಗೆ ಹಂಚಿದರೆ 192 ರೂಪಾಯಿ. ಪ್ರತಿ ಸೆಕೆಂಡಿಗೆ 19 ಕಿಲೋ ಈರುಳ್ಳಿ.

ಇಲ್ಲಿ ನನಗೆ ಕರುಳು ಚುರ್ ಎನ್ನುತ್ತದೆ. 2018ರ ಕೊನೆಯಲ್ಲಿ ಲಾಸಲಗಾಂವ್ ಇರುವ ನಿಫಾಡ್ ತಾಲ್ಲೂಕಿನ ರೈತರೊಬ್ಬರು 750 ಕಿಲೋ ಮಾರಿದರು. ಮೊದಲು ಕಿಲೋಗೆ 1 ರೂಪಾಯಿ ಎಂದರು, ಚೌಕಾಸಿ ಮಾಡಿ ಸುಮಾರು 1.40ಕ್ಕೆ ಮುಗಿಯಿತು. ಕೈಗೆ ಬಂದದ್ದು 1,064 ರೂ. ಸಿಟ್ಟಿಗೆ ಅಷ್ಟನ್ನೂ ಪ್ರಧಾನಿಗೆ ಮನಿಯಾರ್ಡರ್ ಮಾಡಿದರು, ಅದರ ಖರ್ಚು ಬೇರೆ 54 ರೂ. ಆ 1,064 ರೂಪಾಯಿ ಓಕ್ಲಹೋಮದಲ್ಲಿ ಐದೂವರೆ ಸೆಕೆಂಡ್. 2023ರ ಫೆಬ್ರುವರಿಯಲ್ಲಿ ನಮ್ಮ ಗಡಿಯ ಸೋಲಾಪುರ ಜಿಲ್ಲೆಯ ರೈತರೊಬ್ಬರು 512 ಕಿಲೋ ಮಾರಿದರು. ಹಮಾಲಿ, ತೂಕ, ಸಾಗಣೆ ಎಲ್ಲ ಕಳೆದು ಉಳಿದದ್ದು 2 ರೂಪಾಯಿ 49 ಪೈಸೆ. ಸೆಕೆಂಡಿನ ನೂರನೆಯ ಒಂದು ಭಾಗಕ್ಕೆ ಸ್ವಲ್ಪ ಮೇಲೆ! ಶ್ರೋಡರ್ ಬೇಡ ಎನ್ನಬಲ್ಲರು, ಮರುವರ್ಷ ಮತ್ತೆ ಕೇಳಬಲ್ಲರು. ಟ್ರಾಲಿ ಬಾಡಿಗೆ ಕೊಟ್ಟು ಬಂದವನು ರಾಶಿಯನ್ನು ಹೊರಳಿಸಿ ಮನೆಗೆ ಒಯ್ಯುವುದು ಹೇಗೆ? ಅದೇ ಈರುಳ್ಳಿ 2019ರ ಡಿಸೆಂಬರಿನಲ್ಲಿ ಬೆಂಗಳೂರಿನ ಅಂಗಡಿಗಳಲ್ಲಿ ಕಿಲೋಗೆ 200 ರೂ. ಮುಟ್ಟಿತ್ತು. ಒಂದು ವರ್ಷದಲ್ಲಿ 1.40ರಿಂದ 200, ಹೊಲದ ಬೆಲೆ ಬೇರೆ, ಅಂಗಡಿಯ ಬೆಲೆ ಬೇರೆ, ನಿಜ. ಆದರೂ ಯಾವ ಪಂತ್, ಯಾವ ಗೌತಮ್ ಇಷ್ಟು ಎತ್ತರಕ್ಕೆ ಹಾರಿದ್ದಾರೆ?

ಇಷ್ಟು ದುಡ್ಡು ಎನ್‌ಬಿಎಗೆ ಎಲ್ಲಿಂದ ಎಂದರೆ, ದೊಡ್ಡ ಪಾಲು ಟಿವಿಯಿಂದ. 2024ರಲ್ಲಿ ಸಹಿ ಬಿದ್ದ ಪ್ರಸಾರ ಒಪ್ಪಂದ 11 ವರ್ಷಕ್ಕೆ ಸುಮಾರು 7,600 ಕೋಟಿ ಡಾಲರ್. ರೂಪಾಯಿಯಲ್ಲಿ 6,46,000 ಕೋಟಿ! ಹತ್ತು ರೂಪಾಯಿ ದರದಲ್ಲಿ 64.6 ಕೋಟಿ ಟನ್ ಈರುಳ್ಳಿ. ಭಾರತ 26 ವರ್ಷ ಬೆಳೆದರೂ ಸಾಲದು. ಇಡೀ ಭೂಮಿ ಬೆಳೆಯುವುದೆಲ್ಲ ಸೇರಿದರೂ ಹತ್ತಿರ ಹತ್ತಿರ ಆರು ವರ್ಷದ ಫಸಲು. ಟ್ರ್ಯಾಕ್ಟರ್ 32 ಕೋಟಿ ಮೀರುತ್ತದೆ. ಸಾಲು 25 ಲಕ್ಷ ಕಿಲೋಮೀಟರ್ ದಾಟಿ, ಚಂದ್ರನಿಗೆ ಮೂರು ಸಲ ಹೋಗಿ ಬಂದು, ನಾಲ್ಕನೆಯ ಸಲ ಅರ್ಧ ದಾರಿಗಿಂತ ಮುಂದೆ ನಿಲ್ಲುತ್ತದೆ. ಲಾಸಲಗಾಂವ್ ಈ ಲೆಕ್ಕ ತೀರಿಸಬೇಕಾದರೆ ದಿನಕ್ಕೆ 750 ಟ್ರ್ಯಾಕ್ಟರಿನಂತೆ, ಒಂದು ದಿನವೂ ರಜೆಯಿಲ್ಲದೆ, 1,180 ವರ್ಷ ಹರಾಜು ಕೂಗಬೇಕು. ಎಲ್ಲೋರದ ಕೈಲಾಸ ದೇವಾಲಯವನ್ನು ಕಡೆಸಿದ ರಾಷ್ಟ್ರಕೂಟರ ವಂಶದ ನೃಪತುಂಗ ಮಾನ್ಯಖೇಟದಲ್ಲಿ ಆಳುತ್ತಿದ್ದ ಕಾಲದಲ್ಲಿ ಮೊದಲ ಟ್ರಾಲಿ ಒಳಗೆ ಬಂದಿದ್ದರೆ, ಇವತ್ತಿಗೆ ಸರಿಯಾಗಿ ಆ 11 ವರ್ಷದ ಬಾಬ್ತು ಚುಕ್ತಾ ಆಗುತ್ತಿತ್ತು.