ಸಾಕಿದ ಆಮೆ ಮರಿ ಮಾಡದೇಕೆ?

ಮೀನು ನೋಟದಿಂದ, ಹಕ್ಕಿ ಸ್ಪರ್ಶದಿಂದ, ಆಮೆ ನೆನಹಿನಿಂದ ತನ್ನ ಮರಿಗಳನ್ನು ಪೋಷಿಸುತ್ತದೆಂದು ಹರಿಕಥೆಯಲ್ಲಿ ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ನಿಜ ಸಂಗತಿ ಬೇರೆ. ತಾಯಿ ಆಮೆ ಮಣ್ಣಿನಲ್ಲಿ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮುಚ್ಚಿ ಹೊರಟುಹೋದರೆ ಮತ್ತೆ ಅತ್ತ ತಿರುಗಿಯೂ ನೋಡುವುದಿಲ್ಲ. ಮುಂದಿನ ಕೆಲಸವೆಲ್ಲ ಮಣ್ಣಿನದು, ಬಿಸಿಲಿನದು. ಚಾಳಿನ ಕೋಣೆಯ ಗಾಜಿನ ತೊಟ್ಟಿಯಲ್ಲಿ ಇಲ್ಲದಿರುವುದು ಈ ಎರಡೇ.

ನಮ್ಮ ನೆರೆಯವರೊಬ್ಬರು ಮಕ್ಕಳ ಹಟಕ್ಕೆ ಎರಡು ಆಮೆಮರಿ ತಂದು ಎಂಟು ವರ್ಷ ಸಾಕಿದರು. ಒಂದು ದಿನ ನೀರಿನಲ್ಲಿ ಮೂರು ಬಿಳಿಯ ಮೊಟ್ಟೆ ಕಂಡವು. “ರಾಯರೇ, ನೀರಿನ ಪ್ರಾಣಿ, ನೀರಿನಲ್ಲೇ ಮರಿಯಾಗಲಿ ಅಂತ ಬಿಟ್ಟಿದ್ದೀವಿ” ಎಂದರು. ಮೊಟ್ಟೆಗಳು ಕೊಳೆತವು. ಮರುವರ್ಷ ಅದೇ ಆಮೆ ಆಹಾರ ಬಿಟ್ಟು, ಹಗಲಿರುಳು ಗಾಜು ಕೆರೆದು, ಕಡೆಗೆ ಸತ್ತಿತು. ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿಕೊಂಡಿದ್ದವೆಂದು ಪಶುವೈದ್ಯರು ಆಮೇಲೆ ತಿಳಿಸಿದರು. ಆಗ ನನಗೂ ಏನೂ ಗೊತ್ತಿರಲಿಲ್ಲ. ಅಂದಿನಿಂದ ಓದಿ ಕೇಳಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಪೇಟೆಯಲ್ಲಿ ಸಿಗುವುದು ಬಹುಮಟ್ಟಿಗೆ ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆಯ ‘ರೆಡ್ ಇಯರ್ಡ್ ಸ್ಲೈಡರ್’ ಎಂಬ ಆಮೆ. ಕಣ್ಣಿನ ಹಿಂದೆ ಕೆಂಪು ಪಟ್ಟೆಯುಂಟು.

ಮೊದಲ ತೊಡಕು ಜೋಡಿಯದು. ಮರಿಗಳಲ್ಲಿ ಗಂಡು ಹೆಣ್ಣು ತಿಳಿಯದು. ತಂದ ಎರಡೂ ಒಂದೇ ಜಾತಿಯವಾಗಿರಬಹುದು. ಚಿಪ್ಪು 4 ಅಂಗುಲ ಬೆಳೆದ ಮೇಲೆ ಗಂಡಿನ ಮುಂಗಾಲಿನ ಉಗುರು ಉದ್ದವಾಗುತ್ತದೆ, ಬಾಲ ದಪ್ಪವಾಗುತ್ತದೆ. ಹೆಣ್ಣು ಇನ್ನೂ ದೊಡ್ಡದಾಗಿ, ಐದಾರು ವರ್ಷವಾದ ಮೇಲೆ ಪ್ರಾಯಕ್ಕೆ ಬರುವುದು. ಗಂಡು ಎದುರಿಗೆ ಈಜುತ್ತ, ಹೆಣ್ಣಿನ ಮುಖದ ಬಳಿ ಉಗುರು ನಡುಗಿಸಿ ಒಲಿಸಿಕೊಳ್ಳುತ್ತದೆ. ಅದಕ್ಕೆ ಆಳದ ನೀರು ಬೇಕು. ಇಕ್ಕಟ್ಟಾದರೆ ಹೆಣ್ಣನ್ನು ಕಾಡಿ ಕಚ್ಚುವುದೂ ಉಂಟು.

ಎರಡನೆಯದು ಸುಣ್ಣದ ಅಂಶ. ಬರಿಯ ಒಣ ಸಿಗಡಿ ತಿಂದ ಆಮೆಗೆ ಮೊಟ್ಟೆಯ ಚಿಪ್ಪು ಕಟ್ಟಲು ಸುಣ್ಣ ಸಾಲದು. ತಿಂದುದು ಮೈಗೆ ಹತ್ತಲು ನೇರ ಬಿಸಿಲೂ ಬೇಕು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಆ ಗುಣವಿರುವುದಿಲ್ಲ.

ಮೂರನೆಯದೇ ಪ್ರಾಣಕ್ಕೆ ಬರುವಂಥದು. ಗಂಡಿನ ಸಂಗವಿಲ್ಲದಿದ್ದರೂ ಹೆಣ್ಣು ಮೊಟ್ಟೆಯಿಡಬಲ್ಲದು, ಅಂಥವು ಮರಿಯಾಗವು. ಆದರೆ ಇಡಲು ಮಣ್ಣು ಸಿಗದಿದ್ದರೆ ಅದು ಮೊಟ್ಟೆಗಳನ್ನು ಒಳಗೇ ತಡೆಯುತ್ತದೆ. ಆದುದರಿಂದ ಹೆಣ್ಣಾಮೆ ಸಾಕಿದವರು, ಮರಿ ಬೇಡವೆಂದರೂ, ಗೇಣುದ್ದ ಆಳಕ್ಕೆ ತೇವದ ಮಣ್ಣು ಮರಳು ತುಂಬಿದ ಅಗಲವಾದ ಪೆಟ್ಟಿಗೆ ಇಡತಕ್ಕದ್ದು. ಆಮೆ ಆಹಾರ ಬಿಟ್ಟು ಹೊರಗೆ ಹತ್ತಲು ಹೆಣಗಿದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿರಿ. ಕ್ಷಕಿರಣ ಚಿತ್ರದಲ್ಲಿ ಮೊಟ್ಟೆ ಕಾಣುತ್ತವೆ. ಚುಚ್ಚುಮದ್ದಿನಿಂದಲೋ ಶಸ್ತ್ರಕ್ರಿಯೆಯಿಂದಲೋ ಹೊರತೆಗೆಯಬಹುದು.

ನಾಲ್ಕನೆಯದು ಕೈತಪ್ಪು. ಕೋಳಿಮೊಟ್ಟೆಯನ್ನು ತಿರುಗಿಸುತ್ತಿರಬೇಕು, ಆಮೆಯ ಮೊಟ್ಟೆಯನ್ನು ತಿರುಗಿಸಲೇಬಾರದು. ಒಳಗಿನ ಅಂಕುರ ಬೇಗನೆ ಚಿಪ್ಪಿನ ಮೇಲುಭಾಗಕ್ಕೆ ಅಂಟಿಕೊಳ್ಳುವುದರಿಂದ, ಮಗುಚಿದರೆ ಸಾಯುತ್ತದೆ. ನೀರಿನಲ್ಲಿ ಬಿದ್ದರೆ ಉಸಿರುಕಟ್ಟುತ್ತದೆ. ಮರಿಯಾಗಲು ಎರಡು ಎರಡೂವರೆ ತಿಂಗಳು ಬೇಕು. ಸುಮಾರು 27 ಡಿಗ್ರಿಗಿಂತ ತಂಪಿದ್ದರೆ ಬಹುಪಾಲು ಗಂಡು, 31 ಮೀರಿದರೆ ಹೆಣ್ಣು! ಹುಟ್ಟುವುದು ಗಂಡೋ ಹೆಣ್ಣೋ ಎಂಬುದನ್ನು ಕಾವೇ ನಿರ್ಣಯಿಸುತ್ತದೆ.

ಇಷ್ಟೆಲ್ಲ ಮಾಡಿ ಮರಿ ಪಡೆಯಬೇಕೆ? ಬೇಡವೆಂದೇ ನನ್ನ ಮತ. ಒಂದೊಂದೂ ಇಪ್ಪತ್ತು ಮೂವತ್ತು ವರ್ಷ ಬದುಕುವ ಪ್ರಾಣಿ. ಸಾಕಲಾರದೆ ಕೆರೆಗೆ ಬಿಟ್ಟರೆ ನಮ್ಮ ನೆಲದ ಆಮೆಗಳ ಅನ್ನ ಕಸಿಯುತ್ತದೆ. ಅದರ ಮೈಮೇಲೆ ಸಾಲ್ಮೊನೆಲ್ಲ ಎಂಬ ರೋಗಾಣುವಿರಬಹುದಾದ್ದರಿಂದ ಮುಟ್ಟಿದ ಮಕ್ಕಳು ಸಾಬೂನಿನಿಂದ ಕೈ ತೊಳೆಯಬೇಕು. ಈ ಕಾರಣಕ್ಕಾಗಿಯೇ ಅಮೆರಿಕವು 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು. ನಕ್ಷತ್ರ ಆಮೆಯಂಥ ನಮ್ಮ ನಾಡಿನ ಆಮೆಗಳನ್ನಂತೂ ಮನೆಯಲ್ಲಿಡುವುದೇ 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ.

ಈಗಾಗಲೇ ಮನೆಯಲ್ಲಿ ಆಮೆಯಿದ್ದವರು ಈ ವಾರವೇ ಒಂದು ಮಣ್ಣಿನ ಪೆಟ್ಟಿಗೆ ಹೊಂದಿಸಿಕೊಡಲಿ. ಬಾಯಿಲ್ಲದ ಪ್ರಾಣಿ, ಅದು ಗಾಜು ಕೆರೆಯುವುದೇ ಕೇಳಿಕೊಳ್ಳುವ ರೀತಿ.