ಕಲ್ಲಿದ್ದಲು ಸೆಸ್ ಹಣವೆಲ್ಲ ಸೋಲಾರ್‌ಗೇ ಹೋಯಿತೇ? ಸತ್ಯ ಇಲ್ಲಿದೆ

‘ಕಲ್ಲಿದ್ದಲಿನ ಮೇಲೆ ಹಾಕಿದ ತೆರಿಗೆಯೆಲ್ಲ ಸೋಲಾರ್ ಕಂಪನಿಗಳ ಪಾಲು’ ಎಂಬ ಅರ್ಥದ ಮೆಸೇಜ್ ನಿಮಗೂ ಬಂದಿರಬಹುದು. ‘ಯಾರು ಅರ್ಜಿ ಹಾಕಿದರೂ ಕೇಂದ್ರದ ಫಂಡ್ ಸಿಗುತ್ತದೆ’ ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ಏಕೆ ಎಂದು ನೋಡೋಣ.

ಹಣ ಬಂದದ್ದು ಎಲ್ಲಿಂದ?

2010ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರತಿ ಟನ್ ಕಲ್ಲಿದ್ದಲಿಗೆ 50 ರೂಪಾಯಿ ಸೆಸ್ ಹಾಕಿತು. 2016ರ ಹೊತ್ತಿಗೆ ಅದು 400 ರೂಪಾಯಿ ಆಯಿತು. ಈ ಹಣಕ್ಕಾಗಿಯೇ ‘ರಾಷ್ಟ್ರೀಯ ಶುದ್ಧ ಇಂಧನ ನಿಧಿ’ ಸ್ಥಾಪನೆಯಾಯಿತು.

ಯೋಜನೆ ಆರಿಸಿದ್ದು ಹೇಗೆ?

ಯಾರೂ ನೇರವಾಗಿ ಹೋಗಿ ಹಣ ಕೇಳುವಂತಿರಲಿಲ್ಲ. ನಿಯಮಗಳು ಹೀಗಿದ್ದವು:

• ಯಾವುದಾದರೊಂದು ಕೇಂದ್ರ ಸಚಿವಾಲಯ ಅಥವಾ ಇಲಾಖೆ ಯೋಜನೆಯನ್ನು ಪ್ರಾಯೋಜಿಸಬೇಕು.
• ಒಟ್ಟು ವೆಚ್ಚದಲ್ಲಿ ನಿಧಿಯ ನೆರವು ಶೇ 40 ಮೀರಬಾರದು.
• ಯೋಜನೆ ನಡೆಸುವವರು ತಮ್ಮ ಕೈಯಿಂದಲೂ ಹಣ ಹಾಕಬೇಕು.
• ಅದೇ ಕೆಲಸಕ್ಕೆ ಸರ್ಕಾರದ ಬೇರೆ ಕಡೆಯಿಂದ ಹಣ ಪಡೆದಿರಬಾರದು.

ಹಣಕಾಸು ಕಾರ್ಯದರ್ಶಿ ನೇತೃತ್ವದ ಅಂತರ ಸಚಿವಾಲಯ ಸಮಿತಿ ಇದನ್ನೆಲ್ಲ ಪರಿಶೀಲಿಸುತ್ತಿತ್ತು. ದೊಡ್ಡ ಮೊತ್ತದ ಯೋಜನೆಗಳಿಗೆ ಇನ್ನೂ ಮೇಲಿನ ಮಟ್ಟದ ಒಪ್ಪಿಗೆ ಬೇಕಿತ್ತು.

ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. ಗಾಳಿ ಮತ್ತು ಸೌರ ವಿದ್ಯುತ್ ಸಾಗಿಸಲು ಲೈನ್ ಹಾಗೂ ಸಬ್‌ಸ್ಟೇಷನ್ ಕಟ್ಟುವ ‘ಹಸಿರು ಇಂಧನ ಕಾರಿಡಾರ್’ ಯೋಜನೆಯ ಮೊದಲ ಹಂತದ ಎಂಟು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದರ ವೆಚ್ಚಕ್ಕೆ ಈ ನಿಧಿಯಿಂದ ಶೇ 40 ಅನುದಾನ, ಜರ್ಮನಿಯ ಕೆಎಫ್‌ಡಬ್ಲ್ಯೂ ಬ್ಯಾಂಕಿನಿಂದ ಶೇ 40 ಸಾಲ, ರಾಜ್ಯದ ಪಾಲು ಶೇ 20 ಎಂದು ನಿಗದಿಯಾಯಿತು.

ಹಾಗಾದರೆ ಎಲ್ಲ ಹಣವೂ ಖರ್ಚಾಯಿತೇ?

ಇಲ್ಲ. ಸರ್ಕಾರದ್ದೇ ಲೆಕ್ಕದಂತೆ, 2010-11ರಿಂದ 2017-18ರವರೆಗೆ:

• ಸಂಗ್ರಹವಾದ ಸೆಸ್: ಸುಮಾರು 86,440 ಕೋಟಿ ರೂ.
• ನಿಧಿಗೆ ವರ್ಗಾವಣೆ: ಸುಮಾರು 29,645 ಕೋಟಿ ರೂ.
• ಯೋಜನೆಗಳಿಗೆ ಸಿಕ್ಕಿದ್ದು: ಸುಮಾರು 15,911 ಕೋಟಿ ರೂ.

ಅಂದರೆ ಪ್ರತಿ 100 ರೂಪಾಯಿಯಲ್ಲಿ ಯೋಜನೆಗಳಿಗೆ ತಲುಪಿದ್ದು ಸುಮಾರು 18 ರೂಪಾಯಿ. ಸೆಸ್ ಹಣ ಮೊದಲು ಸರ್ಕಾರದ ಬೊಕ್ಕಸಕ್ಕೆ ಸೇರುತ್ತಿತ್ತು. ಅಲ್ಲಿಂದ ಬಜೆಟ್ ಮೂಲಕ ಬಂದಷ್ಟೇ ನಿಧಿಯ ಪಾಲು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಈ ಸೆಸ್ ರದ್ದಾಯಿತು. ಅದರ ಜಾಗದಲ್ಲಿ ಬಂದ ಸೆಸ್, ರಾಜ್ಯಗಳ ತೆರಿಗೆ ನಷ್ಟ ತುಂಬಿಕೊಡಲು ಮೀಸಲಾಯಿತು.

ನಮ್ಮ ತೀರ್ಮಾನ: ಮೆಸೇಜ್ ತಪ್ಪು. ‘ಇಷ್ಟು ಕೋಟಿ ಕೊಟ್ಟರು’ ಎಂಬ ಫಾರ್ವರ್ಡ್ ಬಂದಾಗ ಮೂರು ಪ್ರಶ್ನೆ ಕೇಳಿ: ಎಷ್ಟು ಸಂಗ್ರಹವಾಯಿತು? ನಿಧಿಗೆ ಎಷ್ಟು ಬಂತು? ಖರ್ಚಾಗಿದ್ದೆಷ್ಟು? ಮೂರಕ್ಕೂ ಉತ್ತರ ಸಿಗುವವರೆಗೆ ಮುಂದೆ ಕಳುಹಿಸಬೇಡಿ.